ಪಾಯಿಂಟು ಲೆಕ್ಕದ ಟೈಮ್‌ಶೇರ್: ಪಾರದರ್ಶಕತೆ ಮತ್ತು ನ್ಯಾಯ

ಒಂದು ರೆಸಾರ್ಟಿನ ರೂಮನ್ನು ಹಲವು ಕುಟುಂಬಗಳು ವರ್ಷದ ಬೇರೆ ಬೇರೆ ದಿನಗಳಲ್ಲಿ ಬಳಸುವ ಹಕ್ಕನ್ನು ಹತ್ತು, ಇಪ್ಪತ್ತೈದು ವರ್ಷಗಳ ಅವಧಿಗೆ ಮೊದಲೇ ಹಣ ಕೊಟ್ಟು ಪಡೆಯುವ ಏರ್ಪಾಡು ಟೈಮ್‌ಶೇರ್. ಅದರ ಹಳೆಯ ರೂಪದಲ್ಲಿ ಸದಸ್ಯರಿಗೆ ಸಿಗುತ್ತಿದ್ದುದು ಗೊತ್ತಾದ ಊರಿನ ಗೊತ್ತಾದ ವಾರ. ಪಾಯಿಂಟು ಪದ್ಧತಿಯಲ್ಲಿ ವಾರದ ಬದಲು ವರ್ಷಕ್ಕೆ ಇಷ್ಟೆಂದು ಪಾಯಿಂಟುಗಳು ಅವರ ಖಾತೆಗೆ ಜಮೆಯಾಗುತ್ತವೆ. ಯಾವ ಊರು, ಯಾವ ಸೀಸನ್, ಎಷ್ಟು ದೊಡ್ಡ ರೂಮು, ವಾರದ ನಡುವೆಯೋ ವಾರಾಂತ್ಯವೋ ಎಂಬುದನ್ನು ನೋಡಿ ಒಂದು ರಾತ್ರಿಗೆ ಎಷ್ಟು ಪಾಯಿಂಟು ಎಂಬ ಪಟ್ಟಿಯನ್ನು ಕಂಪನಿ ಪ್ರಕಟಿಸುತ್ತದೆ. ಸದಸ್ಯರು ಆ ಪಟ್ಟಿಯ ಪ್ರಕಾರ ಪಾಯಿಂಟು ಕಳೆಯುತ್ತ ಬುಕಿಂಗ್ ಮಾಡುತ್ತಾರೆ. ಉಳಿದ ಪಾಯಿಂಟನ್ನು ಮುಂದಿನ ವರ್ಷಕ್ಕೆ ಸಾಗಿಸಲು, ಮುಂದಿನ ವರ್ಷದ್ದನ್ನು ಈಗಲೇ ಬಳಸಲು ಹಲವೆಡೆ ಅವಕಾಶವುಂಟು. ರೂಮು ಬಳಸಿದರೂ ಬಿಟ್ಟರೂ ವರ್ಷ ವರ್ಷ ನಿರ್ವಹಣಾ ಶುಲ್ಕ ಮಾತ್ರ ಕಟ್ಟಲೇಬೇಕು. ಇಂಥ ಪದ್ಧತಿ ನ್ಯಾಯವಾಗಿದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಮಾರಾಟದ ವೇಳೆ ಆಡಿದ ಮಾತುಗಳನ್ನೂ ಒಪ್ಪಂದದ ಸಣ್ಣ ಅಕ್ಷರಗಳನ್ನೂ ಪರಿಶೀಲಿಸುತ್ತಾರೆ. ಅದು ಬೇಕಾದದ್ದೇ, ಆದರೆ ಸಾಲದು. ಒಟ್ಟು ಎಷ್ಟು ಪಾಯಿಂಟು ಮಾರಾಟವಾಗಿದೆ, ಅದಕ್ಕೆ ಎದುರಾಗಿ ಎಷ್ಟು ರೂಮು-ರಾತ್ರಿಗಳಿವೆ, ಆ ಎರಡರ ನಡುವಿನ ದರವನ್ನು ಯಾರು ಯಾವಾಗ ಬದಲಿಸಿದರು ಎಂಬ ಲೆಕ್ಕ ಸದಸ್ಯರ ಕೈಗೆ ಸಿಗದಿದ್ದರೆ ಉಳಿದ ಯಾವ ಪಾರದರ್ಶಕತೆಯಿಂದಲೂ ಅವರಿಗೆ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ.

ಪಾಯಿಂಟು ಎಂಬ ಯೋಚನೆ ಹೊಸದಲ್ಲ. 1963ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಹಾಪಿಮಾಗ್ ಸಂಸ್ಥೆಯಲ್ಲಿ ಷೇರು ಕೊಂಡವರು ಪಾಯಿಂಟುಗಳ ಮೂಲಕ ಸಂಸ್ಥೆಯ ಮನೆಗಳಲ್ಲಿ ತಂಗುವ ಕ್ರಮವಿತ್ತು. ಅಲ್ಲಿ ಸದಸ್ಯರೇ ಷೇರುದಾರರಾದ್ದರಿಂದ ಲೆಕ್ಕ ಕೇಳುವ ಹಕ್ಕು ಹುಟ್ಟಿನಿಂದಲೇ ಅವರಿಗಿತ್ತು. ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ ಅದೇ ದಶಕದಲ್ಲಿ ವಾರದ ಲೆಕ್ಕದ ಮಾರಾಟ ಬೆಳೆಯಿತು. 1974ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದ ಆರ್‌ಸಿಐ ಒಬ್ಬರ ವಾರವನ್ನು ಇನ್ನೊಬ್ಬರ ವಾರಕ್ಕೆ ಬದಲಾಯಿಸಿಕೊಡುವ ಸೇವೆ ಕೊಟ್ಟಿತು. 1991ರಲ್ಲಿ ಶುರುವಾದ ಡಿಸ್ನಿ ಸಂಸ್ಥೆಯ ವೆಕೇಷನ್ ಕ್ಲಬ್ ಮೊದಲಿನಿಂದಲೂ ಪಾಯಿಂಟನ್ನೇ ಮಾರಿತು. 2000ದಲ್ಲಿ ಆರ್‌ಸಿಐ ಕೂಡ ಪಾಯಿಂಟು ವಿನಿಮಯ ಆರಂಭಿಸಿತು. ಷೇರಿನಿಂದ ವಾರಕ್ಕೆ, ವಾರದಿಂದ ಮತ್ತೆ ಪಾಯಿಂಟಿಗೆ ಬಂದ ಈ ದಾರಿಯಲ್ಲಿ ಪಾಯಿಂಟು ಉಳಿಯಿತು, ಷೇರುದಾರರ ಹಕ್ಕು ಹೆಚ್ಚಿನ ಕಡೆ ಉಳಿಯಲಿಲ್ಲ.

ಭಾರತದಲ್ಲಿ ಈ ವ್ಯಾಪಾರದ ತವರು ಚೆನ್ನೈ. ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ 1986ರಲ್ಲಿ ಇಲ್ಲಿ ಸ್ಥಾಪನೆಯಾಗಿ ಕೊಡೈಕೆನಾಲ್, ಊಟಿ, ಯೇರ್ಕಾಡ್ ಮುಂತಾದ ಬೆಟ್ಟದ ಊರುಗಳಲ್ಲಿ ಮಧ್ಯಮ ವರ್ಗಕ್ಕೆ ಟೈಮ್‌ಶೇರ್ ಪರಿಚಯಿಸಿತು. 1996ರಲ್ಲಿ ಆರಂಭವಾದ ಮಹೀಂದ್ರಾ ಹಾಲಿಡೇಸ್‌ನ ನೋಂದಾಯಿತ ಕಚೇರಿಯೂ ಹಲವು ವರ್ಷ ಚೆನ್ನೈನ ಪಟ್ಟುಲ್ಲೋಸ್ ರಸ್ತೆಯಲ್ಲಿತ್ತು. 2009ರಲ್ಲಿ ಅದು ಷೇರುಪೇಟೆಗೆ ಬಂತು. ಸ್ಟರ್ಲಿಂಗನ್ನು ಕೊಳ್ಳುವುದಾಗಿ ಥಾಮಸ್ ಕುಕ್ ಇಂಡಿಯಾ 2014ರಲ್ಲಿ ಪ್ರಕಟಿಸಿತು. ಸ್ಟರ್ಲಿಂಗ್ ಕಚೇರಿ ಹಳೆ ಮಹಾಬಲಿಪುರಂ ರಸ್ತೆಯ ತೊರೈಪಾಕ್ಕಂನಲ್ಲಿ ನೆಲೆಸಿತು. 2011ರಲ್ಲಿ ಚೆನ್ನೈ ಮಹಾನಗರಕ್ಕೆ ಸೇರಿದ ಈ ಭಾಗವೆಲ್ಲ ಈಗ ಶೋಳಿಂಗನಲ್ಲೂರ್ ವಲಯ. ಇನ್ಫೋಸಿಸ್, ವಿಪ್ರೊ, ಎಲ್ಕಾಟ್‌ನ ವಿಶೇಷ ಆರ್ಥಿಕ ವಲಯ ಇಲ್ಲೇ ಇರುವುದರಿಂದ ಈ ರಸ್ತೆ ಮಾರುವವರಿಗೂ ಕೊಳ್ಳುವವರಿಗೂ ಒಂದೇ ವಿಳಾಸವಾಗಿದೆ. ಬೆಂಗಳೂರು, ಮೈಸೂರಿನಿಂದ ಕೆಲಸಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳನ್ನೂ ಸೇರಿಸಿ, ತಿಂಗಳ ಸಂಬಳ, ಶಾಲೆಗೆ ಹೋಗುವ ಮಕ್ಕಳು, ವರ್ಷಕ್ಕೊಂದು ಪ್ರವಾಸದ ಆಸೆ ಇರುವ ಮನೆಗಳು ಇಲ್ಲಿ ಒತ್ತಾಗಿವೆ. ಟೈಮ್‌ಶೇರ್ ಹುಡುಕುವ ಗಿರಾಕಿ ಇಂಥವರೇ.

ಪಾಯಿಂಟು ಪದ್ಧತಿಯ ಒಳ್ಳೆಯದನ್ನು ಮೊದಲು ಒಪ್ಪಿಕೊಳ್ಳಬೇಕು. ನಿಗದಿತ ವಾರ ಕೊಂಡವರು ಇಪ್ಪತ್ತೈದು ವರ್ಷವೂ ಅದೇ ವಾರಕ್ಕೆ ಕಟ್ಟುಬೀಳುತ್ತಾರೆ. ಮಕ್ಕಳ ಪರೀಕ್ಷೆ, ವರ್ಗಾವಣೆ, ಮನೆಯ ಹಿರಿಯರ ಕಾಯಿಲೆ ಯಾವುದೂ ಆ ವಾರವನ್ನು ಕೇಳಿಕೊಂಡು ಬರುವುದಿಲ್ಲ. ಪಾಯಿಂಟು ಇದ್ದವರು ಒಂದು ವರ್ಷ ಮಡಿಕೇರಿಯಲ್ಲಿ ಮೂರು ರಾತ್ರಿ, ಊಟಿಯಲ್ಲಿ ಎರಡು ರಾತ್ರಿ ಎಂದು ಒಡೆದು ಬಳಸಬಹುದು. ಮಳೆಗಾಲದಲ್ಲಿ ಹೋದರೆ ಅದೇ ಪಾಯಿಂಟಿಗೆ ಹೆಚ್ಚು ದಿನ ಸಿಗುತ್ತದೆ. ಬೇಡಿಕೆ ಹೆಚ್ಚಿರುವ ದಿನಕ್ಕೆ ಹೆಚ್ಚು ಪಾಯಿಂಟು ಕೇಳುವುದೂ ಅನ್ಯಾಯವಲ್ಲ, ಏಕೆಂದರೆ ಡಿಸೆಂಬರಿನ ಕೊನೆಯ ವಾರಕ್ಕೂ ಆಷಾಢದ ಮಂಗಳವಾರಕ್ಕೂ ಒಂದೇ ಬೆಲೆ ಇಟ್ಟರೆ ಹಬ್ಬದ ರೂಮು ಮೊದಲು ಫೋನು ಮಾಡಿದವರ ಪಾಲಾಗುತ್ತದೆ. ತೊಡಕು ಬೇರೆಡೆಯಲ್ಲಿದೆ. ವಾರ ಕೊಂಡವರ ಹಕ್ಕು ಕ್ಯಾಲೆಂಡರಿನಲ್ಲಿ ಬರೆದಿರುತ್ತದೆ, ಮಾರಿದವರು ವರ್ಷಕ್ಕೆ ಐವತ್ತಮೂರನೆಯ ವಾರವನ್ನು ಹುಟ್ಟಿಸಲಾರರು. ಪಾಯಿಂಟಿಗೆ ಅಂಥ ಹೊರಗಿನ ಅಳತೆ ಇಲ್ಲ. ಪಾಯಿಂಟನ್ನು ಹುಟ್ಟಿಸುವವರೂ ಅದರಿಂದ ಏನು ಸಿಗುತ್ತದೆಂದು ಬೆಲೆ ಕಟ್ಟುವವರೂ ಒಬ್ಬರೇ. ಅಂದರೆ ಅದು ಕಂಪನಿ ಅಚ್ಚುಹಾಕುವ ಖಾಸಗಿ ಹಣ, ಅದನ್ನು ಚಲಾಯಿಸಲು ಇರುವುದು ಕಂಪನಿಯದೇ ಅಂಗಡಿ.

ಲೆಕ್ಕ ಹಾಕಿ ನೋಡೋಣ. ಒಂದು ಕ್ಲಬ್ಬಿಗೆ ನೂರು ರೂಮುಗಳಿವೆ ಎನ್ನೋಣ. ವರ್ಷಕ್ಕೆ 36,500 ರೂಮು-ರಾತ್ರಿಗಳು. ದುರಸ್ತಿ, ಬಣ್ಣ, ಸೋರಿಕೆಗೆಂದು ನೂರಕ್ಕೆ ಐದರಷ್ಟು ಬಿಟ್ಟರೆ ಉಳಿಯುವುದು 34,675. ಒಬ್ಬ ಸದಸ್ಯನಿಗೆ ವರ್ಷಕ್ಕೆ ಏಳು ರಾತ್ರಿ ಎಂದರೆ ಹೆಚ್ಚೆಂದರೆ 4,953 ಮಂದಿಗೆ ಮಾರಬಹುದು. ಇದು ವರ್ಷದ ಒಟ್ಟು ಲೆಕ್ಕ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳು ಹೊರಡುವುದು ಬೇಸಿಗೆ ರಜೆ, ದಸರಾ, ವರ್ಷದ ಕೊನೆಯಲ್ಲಿ. ಎಲ್ಲ ಸೇರಿಸಿದರೂ ಸುಮಾರು 65 ದಿನ. ಆ ದಿನಗಳಲ್ಲಿ ನೂರು ರೂಮಿನಿಂದ ಸಿಗುವುದು 6,500 ರಾತ್ರಿ, ಅಂದರೆ ಏಳು ರಾತ್ರಿಯಂತೆ 928 ಕುಟುಂಬಗಳಿಗೆ. ಕಂಪನಿ ಒಂದೇ ಒಂದು ಸದಸ್ಯತ್ವವನ್ನೂ ಹೆಚ್ಚಿಗೆ ಮಾರದೆ ಪ್ರಾಮಾಣಿಕವಾಗಿ ನಡೆದರೂ ಐದು ಕುಟುಂಬಗಳಲ್ಲಿ ನಾಲ್ಕಕ್ಕೆ ರಜೆಯ ದಿನಗಳಲ್ಲಿ ಪೂರ್ತಿ ವಾರ ಸಿಗುವುದಿಲ್ಲ. ಮಾರುವವರಿಗೆ ಈ ಲೆಕ್ಕ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಮಾರಾಟದ ಮೇಜಿನಲ್ಲಿ ತೋರಿಸುವ ಚಿತ್ರಗಳಾದರೋ ಬೇಸಿಗೆಯ ಕೊಡೈಕೆನಾಲಿನವು, ಡಿಸೆಂಬರಿನ ಮುನ್ನಾರಿನವು. ಮೂರು ತಿಂಗಳ ಮೊದಲೇ ಬುಕಿಂಗಿಗೆ ಕೂತು ವೇಟ್‌ಲಿಸ್ಟ್ ನೋಡಿದ ಸದಸ್ಯರಿಗೆ ಮೋಸ ಹೋದೆವೆಂಬ ಭಾವನೆ ಬರುವುದು ಸಹಜ. ಅವರು ಮೋಸ ಹೋಗಿರಲೂಬಹುದು, ಹೋಗಿರದೆಯೂ ಇರಬಹುದು. ಎರಡರಲ್ಲಿ ಯಾವುದೆಂದು ತಿಳಿಯಲು ಅವರ ಹತ್ತಿರ ಯಾವ ದಾಖಲೆಯೂ ಇಲ್ಲ ಎಂಬುದೇ ನಿಜವಾದ ಅನ್ಯಾಯ.

ಕೊರತೆ ಎದುರಾದಾಗ ಕಂಪನಿಯ ಕೈಯಲ್ಲಿ ಎರಡು ಹಿಡಿಗಳಿರುತ್ತವೆ. ಒಂದು, ಹೊಸ ರೂಮು ಸೇರಿಸದೆ ಹೊಸ ಪಾಯಿಂಟು ಮಾರುವುದು. ಎರಡು, ಪಟ್ಟಿಯನ್ನು ತಿದ್ದುವುದು. ಎರಡನೆಯದು ಹೆಚ್ಚು ಸೂಕ್ಷ್ಮ. ಸೀಸನ್‌ನ ದಿನಗಳನ್ನು ಆಚೀಚೆ ವಿಸ್ತರಿಸಬಹುದು, ಹೊಸ ರೆಸಾರ್ಟಿಗೆ ಮೊದಲೇ ಎತ್ತರದ ದರ ಇಡಬಹುದು, ಹಳೆಯ ರೂಮನ್ನು ನವೀಕರಿಸಿ ಬೇರೆ ದರ್ಜೆಗೆ ಏರಿಸಬಹುದು. ಒಪ್ಪಂದಕ್ಕೆ ಸಹಿ ಹಾಕಿದಾಗ 700 ಪಾಯಿಂಟಿಗೆ ಸಿಗುತ್ತಿದ್ದ ವಾರ ಆರೇಳು ವರ್ಷದ ಮೇಲೆ 900 ಕೇಳಿದರೆ ಸದಸ್ಯರ ಖಾತೆಯಲ್ಲಿ ಒಂದು ಪಾಯಿಂಟೂ ಕಡಿಮೆಯಾಗಿರುವುದಿಲ್ಲ, ಆದರೂ ಏಳರಲ್ಲಿ ಒಂದೂವರೆ ರಾತ್ರಿ ಅವರ ಕೈತಪ್ಪಿರುತ್ತದೆ. ಆಗ ಹೆಚ್ಚುವರಿ ಪಾಯಿಂಟು ಕೊಳ್ಳಿ, ಮೇಲಿನ ದರ್ಜೆಗೆ ಅಪ್‌ಗ್ರೇಡ್ ಆಗಿ ಎಂಬ ಕರೆ ಬರುತ್ತದೆ. ಕೊರತೆಯನ್ನು ಸೃಷ್ಟಿಸುವ ಅಧಿಕಾರ ಇರುವವರಿಗೇ ಆ ಕೊರತೆಯಿಂದ ಲಾಭವೂ ಬರುವುದಾದರೆ, ಅವರೆಷ್ಟೇ ಸಜ್ಜನರಾಗಿರಲಿ, ಏರ್ಪಾಡು ತಪ್ಪು ದಿಕ್ಕಿಗೆ ಎಳೆಯುತ್ತದೆ. ಇದರ ಜೊತೆಗೆ ಸದಸ್ಯರಿಗೆ ಸಿಗದ ರೂಮು ಅದೇ ದಿನಕ್ಕೆ ಹೊರಗಿನ ಗಿರಾಕಿಗೆ ದುಡ್ಡಿಗೆ ಸಿಗುತ್ತದೆಯೇ ಎಂಬ ಪ್ರಶ್ನೆಯಿದೆ. ಸದಸ್ಯರ ಪಾಲಿನ ರೂಮೆಷ್ಟು, ಹೊರಗಿನವರಿಗೆ ಮೀಸಲಾದ ರೂಮೆಷ್ಟು ಎಂಬ ವಿಂಗಡಣೆ ಪ್ರಕಟವಾಗಿದ್ದರೆ ಇದು ಜಗಳವಾಗುವುದಿಲ್ಲ, ಬರೀ ಲೆಕ್ಕವಾಗುತ್ತದೆ.

ಇಂಥ ಲೆಕ್ಕವನ್ನು ಕಾನೂನಿನಲ್ಲೇ ಬರೆದ ನಾಡುಗಳಿವೆ. ಅಮೆರಿಕದ ಫ್ಲಾರಿಡಾ ರಾಜ್ಯದ ಕಾನೂನು ಸಂಹಿತೆಯ 721ನೆಯ ಅಧ್ಯಾಯವಾದ ಟೈಮ್‌ಶೇರ್ ಕಾಯ್ದೆ ಹಲವು ರೆಸಾರ್ಟುಗಳ ಯೋಜನೆಗಳಿಗೆ ಒಂದು ಅನುಪಾತವನ್ನು ಕಡ್ಡಾಯ ಮಾಡಿದೆ: ಯಾವುದೇ ಹನ್ನೆರಡು ತಿಂಗಳಲ್ಲಿ ಸದಸ್ಯರಿಗೆ ಹಕ್ಕಾಗಿ ಸಲ್ಲಬೇಕಾದ ರಾತ್ರಿಗಳ ಮೊತ್ತ ಆ ಅವಧಿಯಲ್ಲಿ ಅವರಿಗೆ ಲಭ್ಯವಿರುವ ರಾತ್ರಿಗಳ ಮೊತ್ತವನ್ನು ಮೀರಕೂಡದು. ಕೊಂಡವರಿಗೆ ಹತ್ತು ದಿನದೊಳಗೆ ರದ್ದು ಮಾಡುವ ಹಕ್ಕೂ ಅಲ್ಲಿದೆ. ಅದೇ ರಾಜ್ಯದಲ್ಲಿ ನಡೆಯುವ ಡಿಸ್ನಿ ಕ್ಲಬ್ಬಿನಲ್ಲಿ ಒಂದೊಂದು ರೆಸಾರ್ಟಿನ ಒಟ್ಟು ಪಾಯಿಂಟು ದಾಖಲೆಯಲ್ಲಿ ನಿಗದಿಯಾಗಿರುತ್ತದೆ. ಒಂದು ದಿನದ ದರ ಏರಿಸಿದರೆ ಇನ್ನೊಂದು ದಿನದ್ದು ಇಳಿಸಬೇಕು. 2020ಕ್ಕೆಂದು ಹೊರಡಿಸಿದ ಪಟ್ಟಿಯಲ್ಲಿ ಈ ಸಮತೋಲ ತಪ್ಪಿದೆ ಎಂದು ಸದಸ್ಯರೇ ಕೂಡಿ ಕಳೆದು ಆಕ್ಷೇಪಿಸಿದರು, ಕಂಪನಿ ಆ ಪಟ್ಟಿಯನ್ನು ಹಿಂತೆಗೆದುಕೊಂಡಿತು. ನ್ಯಾಯಾಲಯದ ಮೆಟ್ಟಿಲು ಹತ್ತದೆ ಸಿಕ್ಕ ಪರಿಹಾರವದು. ಒಟ್ಟು ಮೊತ್ತ ಎಲ್ಲರಿಗೂ ಗೊತ್ತಿದ್ದದ್ದೇ ಅದಕ್ಕೆ ಕಾರಣ. ಸ್ಪೇನ್ ಇನ್ನೂ ಕಠಿಣ ದಾರಿ ಹಿಡಿಯಿತು. ಅಲ್ಲಿನ 1998ರ ಕಾಯ್ದೆ ಒಪ್ಪಂದದ ಅವಧಿಗೆ ಐವತ್ತು ವರ್ಷದ ಮಿತಿ ಹಾಕಿತ್ತು. 2015ರಿಂದ ಅಲ್ಲಿನ ಸುಪ್ರೀಂ ಕೋರ್ಟು ಆ ಮಿತಿ ಮೀರಿದ ಒಪ್ಪಂದಗಳನ್ನೂ, ಕೊಂಡದ್ದು ಯಾವ ರೂಮು, ಯಾವ ಕಾಲ ಎಂದು ಸ್ಪಷ್ಟವಾಗಿಲ್ಲದ ಒಪ್ಪಂದಗಳನ್ನೂ ಅಸಿಂಧು ಎಂದಿತು. ಸ್ಪೇನಿನ ಈ ಎರಡನೆಯ ನಿಲುವು ಪಾಯಿಂಟಿನ ಅನುಕೂಲವನ್ನೂ ಕಿತ್ತುಹಾಕುತ್ತದೆ. ಆದ್ದರಿಂದ ಅನುಸರಿಸಲು ಫ್ಲಾರಿಡಾದ ದಾರಿಯೇ ಮೇಲು.

ನಮಗೆ ಇದು ಪರದೇಶದ ಕಲ್ಪನೆಯೇನಲ್ಲ. ಕರ್ನಾಟಕ, ತಮಿಳುನಾಡಿನ ಮನೆಮನೆಗೂ ಗೊತ್ತಿರುವ ಚೀಟಿ ವ್ಯವಹಾರವನ್ನು ನೋಡಿ. ಅಲ್ಲಿಯೂ ಹಲವರ ಹಣ ಒಬ್ಬರ ಕೈಯಲ್ಲಿ ಸೇರುತ್ತದೆ, ಸರದಿ ಬೇರೆ ಬೇರೆ ಕಾಲಕ್ಕೆ ಬರುತ್ತದೆ, ಬೇಗ ಬೇಕಾದವರು ಹೆಚ್ಚು ಬಿಟ್ಟುಕೊಡುತ್ತಾರೆ. 1982ರ ಚಿಟ್ ಫಂಡ್ ಕಾಯ್ದೆ ಅದಕ್ಕೆ ಹಾಕಿದ ಕಟ್ಟುಪಾಡುಗಳು ಸ್ಪಷ್ಟವಾಗಿವೆ: ಸರ್ಕಾರದ ಪೂರ್ವಾನುಮತಿ ಮತ್ತು ನೋಂದಣಿ ಇಲ್ಲದೆ ಚೀಟಿ ಶುರುಮಾಡುವಂತಿಲ್ಲ, ಚೀಟಿ ನಡೆಸುವ ಫೋರ್‌ಮನ್ ಭದ್ರತಾ ಠೇವಣಿ ಇಡಬೇಕು, ಪ್ರತಿ ಹರಾಜಿನ ನಡಾವಳಿ ಬರೆದು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಫೋರ್‌ಮನ್ ಕಮಿಷನ್ನಿಗೂ ಮಿತಿಯಿದೆ, 2019ರ ತಿದ್ದುಪಡಿ ಅದನ್ನು ನೂರಕ್ಕೆ ಐದರಿಂದ ಏಳಕ್ಕೆ ಏರಿಸಿತು. ಇಪ್ಪತ್ತೈದು ಜನರ ಚೀಟಿಗೆ ಇಪ್ಪತ್ತಾರನೆಯವರನ್ನು ಗುಟ್ಟಾಗಿ ಸೇರಿಸಿದರೆ ಅದು ಅಪರಾಧವೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಶೋಳಿಂಗನಲ್ಲೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರಿಗೂ ಇಂಥದೇ ಆಸರೆಯಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಿಂದಾಗಿ ಯೋಜನೆಯ ನೋಂದಣಿ ಸಂಖ್ಯೆ, ಕಾರ್ಪೆಟ್ ಏರಿಯಾ, ಎಷ್ಟು ಮನೆ ಮಾರಾಟವಾಗಿದೆ ಎಂಬ ವಿವರ ಸಾರ್ವಜನಿಕವಾಗಿ ಸಿಗುತ್ತದೆ. ಗಿರಾಕಿಗಳ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಬೇರೆ ಖಾತೆಯಲ್ಲಿಟ್ಟು ಆ ಯೋಜನೆಗೇ ಬಳಸಬೇಕು. ಅದೇ ಕುಟುಂಬ ಅದೇ ರಸ್ತೆಯಲ್ಲಿ ಇಪ್ಪತ್ತೈದು ವರ್ಷದ ರಜೆಯನ್ನು ಕೊಂಡರೆ ನೋಡಲು ಯಾವ ನೋಂದಣಿ ಪುಸ್ತಕವೂ ಇಲ್ಲ. ಜಾಗದ ಒಡೆತನ ಕೈಬದಲಾಗದೆ ಬಳಕೆಯ ಹಕ್ಕು ಮಾತ್ರ ಸಿಗುವುದರಿಂದ ಸದಸ್ಯತ್ವ ರೇರಾದ ಹಿಡಿತಕ್ಕೆ ಸುಲಭವಾಗಿ ಬರುವುದಿಲ್ಲ.

ಇನ್ನೊಂದು ಸಾಕ್ಷ್ಯ ಚೆನ್ನೈಯದೇ. ಸದಸ್ಯತ್ವ ಶುಲ್ಕ ಪೂರ್ತಿಯಾಗಿ ಸೇರ್ಪಡೆಯ ವರ್ಷದ ಆದಾಯವೇ ಎಂಬ ತೆರಿಗೆ ವಿವಾದ ಮಹೀಂದ್ರಾ ಹಾಲಿಡೇಸ್ ಪ್ರಕರಣದಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಚೆನ್ನೈ ವಿಶೇಷ ಪೀಠದ ಮುಂದೆ ಬಂತು. ಮುಂದಿನ ವರ್ಷಗಳಲ್ಲೆಲ್ಲ ಸೇವೆ ಕೊಡುವ ಕರಾರಿನ ಹೊಣೆ ಆ ಹಣಕ್ಕೆ ಅಂಟಿಕೊಂಡಿದೆ, ಆದ್ದರಿಂದ ಇಡೀ ಮೊತ್ತ ಮೊದಲ ವರ್ಷದ ಆದಾಯವಲ್ಲ ಎಂದು ಪೀಠ 2010ರಲ್ಲಿ ಹೇಳಿತು. 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಲೆಕ್ಕಪತ್ರ ಮಾನದಂಡ ಅದೇ ತತ್ವವನ್ನು ಬ್ಯಾಲೆನ್ಸ್ ಶೀಟಿಗೂ ತಂದಿತು. ಮುಂಗಡವಾಗಿ ಬಂದ ಶುಲ್ಕವನ್ನು ಸದಸ್ಯತ್ವದ ಅವಧಿಯುದ್ದಕ್ಕೂ ಹಂಚಿ ತೋರಿಸಬೇಕಾಯಿತು, ಇನ್ನೂ ಸಲ್ಲದ ಸೇವೆಯ ಪಾಲು ಹೊಣೆಯಾಗಿ ಕಾಣಿಸಿಕೊಂಡಿತು. ಈ ಎರಡು ಸಂಗತಿಗಳಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಸದಸ್ಯರಿಗೆ ಕೊಡಬೇಕಾದ ಭವಿಷ್ಯದ ರಾತ್ರಿಗಳು ಕಂಪನಿಯ ಸಾಲವೆಂದು ತೆರಿಗೆ ಅಧಿಕಾರಿಯ ಮುಂದೆ ವಾದಿಸಿ ಗೆಲ್ಲಬಹುದು, ಷೇರುದಾರರಿಗೆ ರೂಪಾಯಿಯಲ್ಲಿ ಬರೆದು ತೋರಿಸಬಹುದು. ಹಾಗಿರುವಾಗ ಆ ಸಾಲ ಯಾರಿಗೆ ಸಲ್ಲಬೇಕೋ ಅವರಿಗೆ ರಾತ್ರಿಗಳ ಲೆಕ್ಕದಲ್ಲಿ ಏಕೆ ತೋರಿಸಬಾರದು? ಸಾಲಗಾರ ತನ್ನ ಸಾಲದ ಲೆಕ್ಕವನ್ನು ಎಲ್ಲರಿಗೂ ಕೊಟ್ಟು ಸಾಲ ಕೊಟ್ಟವರಿಗೆ ಮಾತ್ರ ಕೊಡದಿರುವುದನ್ನು ಯಾವ ತತ್ವದಿಂದಲೂ ಸಮರ್ಥಿಸಲಾಗದು.

ಲೆಕ್ಕವೇ ಇಲ್ಲದಾಗ ಏನಾಗಬಹುದು ಎಂಬುದನ್ನು ಮುಂಬಯಿಯ ಪಾನ್‌ಕಾರ್ಡ್ ಕ್ಲಬ್ಸ್ ಪ್ರಕರಣ ತೋರಿಸಿತು. ರೂಮು-ರಾತ್ರಿಗಳ ಹೆಸರಿನಲ್ಲಿ ಹಣ ಪಡೆದು, ಬಳಸದಿದ್ದರೆ ಅವಧಿಯ ಕೊನೆಗೆ ಮೊತ್ತ ಹಿಂದಿರುಗಿಸುವ ಯೋಜನೆಗಳವು. ಇದು ಪರವಾನಗಿ ಇಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಷೇರುಪೇಟೆ ನಿಯಂತ್ರಕ ಸೆಬಿ 2014ರಲ್ಲಿ ಮಧ್ಯಂತರ ಆದೇಶ ಹೊರಡಿಸಿತು, 2016ರ ಫೆಬ್ರುವರಿಯಲ್ಲಿ 50 ಲಕ್ಷಕ್ಕೂ ಹೆಚ್ಚು ಮಂದಿಗೆ ಸುಮಾರು 7,035 ಕೋಟಿ ರೂಪಾಯಿ ಹಿಂದಿರುಗಿಸಲು ಹೇಳಿತು. ರಾಯಲ್ ಟ್ವಿಂಕಲ್ ಸ್ಟಾರ್ ಕ್ಲಬ್ ವಿಷಯದಲ್ಲೂ 2015ರಲ್ಲಿ ಸೆಬಿ ಇದೇ ತೀರ್ಮಾನಕ್ಕೆ ಬಂತು. ಇವನ್ನು ನಿಜವಾಗಿ ರೆಸಾರ್ಟು ನಡೆಸುವ ಕಂಪನಿಗಳ ಸಾಲಿಗೆ ಸೇರಿಸುವುದು ತಪ್ಪಾಗುತ್ತದೆ; ಸೆಬಿಯ ದೃಷ್ಟಿಯಲ್ಲಿ ಅಲ್ಲಿ ನಡೆದದ್ದು ರಜೆಯ ವ್ಯಾಪಾರವೇ ಅಲ್ಲ. ಆದರೆ ಹೊರಗಿನಿಂದ ನೋಡುವ ಕುಟುಂಬಕ್ಕೆ ಎರಡರ ಕರಪತ್ರವೂ ಒಂದೇ ಥರ ಕಂಡದ್ದೇಕೆ? ಮಾರಿದ ರಾತ್ರಿ ಇಷ್ಟು, ಇರುವ ರಾತ್ರಿ ಇಷ್ಟು ಎಂದು ಪ್ರಕಟಿಸುವ ನಿಯಮವಿದ್ದಿದ್ದರೆ ಸೆಬಿ ಬರುವ ಎಷ್ಟೋ ಮೊದಲೇ ಆ ಎರಡು ಅಂಕಿಗಳೇ ಬೇರ್ಪಡಿಸಿಬಿಡುತ್ತಿದ್ದವು. ಪ್ರಾಮಾಣಿಕ ಕಂಪನಿಗಳಿಗೆ ಈ ನಿಯಮ ಹೊರೆಗಿಂತ ಹೆಚ್ಚಾಗಿ ರಕ್ಷಣೆ.

ಉದ್ಯಮದ ಕಡೆಯಿಂದ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಬಳಕೆಯಾಗದ ಪಾಯಿಂಟಿನ ವಾದ. ಪ್ರತಿ ವರ್ಷ ಎಲ್ಲ ಸದಸ್ಯರೂ ಬರುವುದಿಲ್ಲ. ಒಂದಕ್ಕೆ ಒಂದು ಎಂದು ರೂಮು ಕಟ್ಟಿದರೆ ಅವು ಖಾಲಿ ಬಿದ್ದಿರುತ್ತವೆ, ಆ ಖರ್ಚು ಸದಸ್ಯರ ಮೇಲೇ ಬೀಳುತ್ತದೆ, ವಿಮಾನ ಕಂಪನಿಗಳೂ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದಿಲ್ಲವೇ ಎಂದು ಕೇಳುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ವಿಮಾನ ಹತ್ತಲಾಗದ ಪ್ರಯಾಣಿಕರಿಗೆ ಪರಿಹಾರ ಕೊಡಬೇಕೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮವಿದೆ. ಬೇಸಿಗೆಯಲ್ಲಿ ರೂಮು ಸಿಗದ ಸದಸ್ಯರಿಗೆ ಅಂಥದ್ದೇನೂ ಇಲ್ಲ. ಬಳಸದೆ ಉಳಿಯುವ ರಾತ್ರಿಗಳು ಖಾಲಿ ಬೀಳುವುದೂ ಕಡಿಮೆ, ಅವನ್ನು ಹೊರಗಿನವರಿಗೆ ಬಾಡಿಗೆಗೆ ಕೊಡಬಹುದು. ಆ ರಾತ್ರಿಗಳ ಬೆಲೆಯನ್ನು ಸದಸ್ಯರು ಒಮ್ಮೆ ಕೊಟ್ಟಾಗಿದೆ, ವಾರ್ಷಿಕ ಶುಲ್ಕದಲ್ಲಿ ನಿರ್ವಹಣೆಯನ್ನೂ ಕೊಟ್ಟಿದ್ದಾರೆ. ಬಾಡಿಗೆಯ ಒಂದು ಪಾಲು ಅವರ ಶುಲ್ಕವನ್ನು ಇಳಿಸಲು ಬರಬೇಕೆಂಬುದು ಅತಿಯಾಸೆಯಲ್ಲ. ಬಳಕೆಯ ಪ್ರಮಾಣವನ್ನು ನಂಬಿ ಹೆಚ್ಚು ಮಾರಲಿ, ಆದರೆ ಎಷ್ಟು ಹೆಚ್ಚು ಮಾರಿದ್ದೇವೆ ಎಂದು ಹೇಳಿ ಮಾರಲಿ. ಇದು ವ್ಯಾಪಾರದ ಗುಟ್ಟು ಎಂಬ ಉತ್ತರವೂ ಬರುತ್ತದೆ. ಆದರೆ ಷೇರುಪೇಟೆಯಲ್ಲಿರುವ ಕಂಪನಿ ಹೂಡಿಕೆದಾರರಿಗೆಂದು ಸದಸ್ಯರ ಸಂಖ್ಯೆ, ರೂಮುಗಳ ಸಂಖ್ಯೆ ಎರಡನ್ನೂ ಹೆಮ್ಮೆಯಿಂದ ಪ್ರಕಟಿಸುತ್ತದೆ. ಮರೆಯಲ್ಲಿ ಉಳಿಯುವುದು ಸೀಸನ್ ಪ್ರಕಾರದ ವಿಂಗಡಣೆ ಮಾತ್ರ, ಸದಸ್ಯರಿಗೆ ಬೇಕಾದದ್ದೂ ಅದೇ.

ವಯಸ್ಕರು ಓದಿ ಸಹಿ ಹಾಕಿದ ಒಪ್ಪಂದದಲ್ಲಿ ಮೂರನೆಯವರು ಏಕೆ ತಲೆಹಾಕಬೇಕು ಎಂಬುದು ಮತ್ತೊಂದು ಆಕ್ಷೇಪ. ಸಹಿ ಹಾಕುವಾಗ ಅವರ ಮುಂದಿರುವ ಲೆಕ್ಕವನ್ನು ನೋಡಿದರೆ ಉತ್ತರ ಸಿಗುತ್ತದೆ. ಐದು ಲಕ್ಷ ರೂಪಾಯಿಗೆ ಇಪ್ಪತ್ತೈದು ವರ್ಷ, ವರ್ಷಕ್ಕೆ ಏಳು ರಾತ್ರಿ ಎಂದಿಟ್ಟುಕೊಂಡರೆ ಭಾಗಿಸಿದಾಗ ಬರುವುದು ರಾತ್ರಿಗೆ 2,857 ರೂಪಾಯಿ; ಕೇಳಿದ ಕಿವಿಗೆ ಅಗ್ಗ. ಆದರೆ ಐದು ಲಕ್ಷ ಇಂದೇ ಕೈಬಿಡುತ್ತದೆ. ನೂರಕ್ಕೆ ಏಳರ ಬಡ್ಡಿಯಲ್ಲಿ ಅದೇ ಹಣ ಇಪ್ಪತ್ತೈದು ವರ್ಷ ವರ್ಷಕ್ಕೆ ಸುಮಾರು 42,900 ರೂಪಾಯಿ ಕೊಡುತ್ತಿತ್ತು. ವಾರ್ಷಿಕ ಶುಲ್ಕ 20,000 ಎಂದು ಸೇರಿಸಿ, ಅದು ಎಂದೂ ಏರುವುದಿಲ್ಲವೆಂದೇ ನಂಬಿದರೂ ಒಂದು ರಾತ್ರಿಗೆ ಬೀಳುವುದು ಸುಮಾರು 9,000. ಅದೂ ಒಂದು ವರ್ಷವನ್ನೂ ತಪ್ಪಿಸದೆ ಏಳು ರಾತ್ರಿ ಬಳಸಿದರೆ. ಕಾಣಿಕೆಯ ಆಸೆಗೆ ಕರೆಸಿಕೊಂಡು, ಈ ಕೊಡುಗೆ ಇವತ್ತಿಗೆ ಮಾತ್ರ ಎಂದು ಒತ್ತಾಯಿಸುವ ಸಂಜೆಯಲ್ಲಿ ಗಂಡ ಹೆಂಡತಿ ಈ ಲೆಕ್ಕ ಮಾಡಲಾರರು. ಅದಕ್ಕೇ ಯುರೋಪಿನ 2008/122 ನಿರ್ದೇಶನ ಹದಿನಾಲ್ಕು ದಿನದ ವಾಪಸಾತಿ ಹಕ್ಕು ಕೊಟ್ಟು, ಅಷ್ಟು ದಿನ ಮುಂಗಡ ಪಡೆಯುವುದನ್ನೇ ನಿಷೇಧಿಸಿತು; ಒಪ್ಪಂದ ರದ್ದಾದರೆ ಅದಕ್ಕೆಂದು ತೆಗೆದ ಸಾಲವೂ ತಾನಾಗಿ ರದ್ದಾಗುತ್ತದೆ. ಅದಕ್ಕೂ ಹಿಂದಿನ 1994ರ ನಿರ್ದೇಶನ ಮೂರು ವರ್ಷ ಮತ್ತು ಮೇಲ್ಪಟ್ಟ ಒಪ್ಪಂದಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ 35 ತಿಂಗಳ ಒಪ್ಪಂದಗಳು ಹುಟ್ಟಿಕೊಂಡಿದ್ದವು. ಹೊಸ ನಿರ್ದೇಶನ ಒಂದು ವರ್ಷ ಮೀರಿದವನ್ನೆಲ್ಲ ಒಳಗೆ ತಂದಿತು. ಭಾರತದಲ್ಲಿ ಜೀವವಿಮೆ ಕೊಂಡವರಿಗೆ 2024ರ ನಿಯಮದಿಂದ ಮೂವತ್ತು ದಿನ ಮರುಯೋಚನೆಗೆ ಅವಕಾಶವಿದೆ. ಟೈಮ್‌ಶೇರ್ ಕೊಂಡವರಿಗೆ ಇರುವುದು ಕಂಪನಿ ತಾನಾಗಿ ಕೊಟ್ಟರೆ ಉಂಟು ಎಂಬ ಸ್ಥಿತಿ.

ಹಾಗೆಂದು ಪಟ್ಟಿಯನ್ನು ಇಪ್ಪತ್ತೈದು ವರ್ಷ ಬದಲಿಸಲೇಬಾರದು ಎನ್ನುವುದು ಹಠವಾಗುತ್ತದೆ. ಬೇಡಿಕೆ ಬದಲಾಗುತ್ತದೆ, ಒಂದು ಕಾಲದಲ್ಲಿ ಮಳೆಗಾಲದ ಕೊಡಗಿಗೆ ಯಾರೂ ಹೋಗುತ್ತಿರಲಿಲ್ಲ, ಈಗ ಮಳೆ ನೋಡಲೆಂದೇ ಹೋಗುವವರಿದ್ದಾರೆ. ಬದಲಿಸಲಿ, ಆದರೆ ಒಟ್ಟು ಮೊತ್ತ ಅಲ್ಲಾಡದಂತೆ ಬದಲಿಸಲಿ. ಏರಿಸಿದ್ದಕ್ಕೆ ಎದುರಾಗಿ ಇಳಿಸಿದ್ದನ್ನು ಅದೇ ಪುಟದಲ್ಲಿ ತೋರಿಸಲಿ, ಬುಕಿಂಗ್ ತೆರೆಯುವ ಮುಂಚೆಯೇ ತಿಳಿಸಲಿ. ವರ್ಷಕ್ಕೊಮ್ಮೆ ಸ್ವತಂತ್ರ ಲೆಕ್ಕಪರಿಶೋಧಕರು ಸಹಿ ಹಾಕಿದ ಒಂದು ಪುಟ ಸಾಕು: ರೆಸಾರ್ಟ್ ಮತ್ತು ಸೀಸನ್ ಪ್ರಕಾರ ಚಲಾವಣೆಯಲ್ಲಿರುವ ಪಾಯಿಂಟು, ಲಭ್ಯವಿದ್ದ ರಾತ್ರಿ, ಸದಸ್ಯರು ತಂಗಿದ ರಾತ್ರಿ, ಹೊರಗಿನವರಿಗೆ ಮಾರಿದ ರಾತ್ರಿ, ಕೇಳಿ ಸಿಗದೆ ಹೋದ ಕೋರಿಕೆಗಳು, ವಾರ್ಷಿಕ ಶುಲ್ಕದ ಜಮಾ-ಖರ್ಚು. ಬುಕಿಂಗ್ ಎಲ್ಲ ಕಂಪ್ಯೂಟರಿನಲ್ಲೇ ನಡೆಯುವಾಗ ಇದಕ್ಕೆ ದೊಡ್ಡ ಖರ್ಚು ತಗಲುತ್ತದೆ ಎಂಬುದನ್ನು ಒಪ್ಪಲಾಗದು.

ಇದಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಮಾರ್ಗಸೂಚಿ ಹೊರಡಿಸುವ ಅಧಿಕಾರ ಕೊಟ್ಟಿದೆ. ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ 2022ರಲ್ಲಿ, ಆನ್‌ಲೈನಿನಲ್ಲಿ ಗಿರಾಕಿಯನ್ನು ಮರುಳುಮಾಡುವ 13 ಬಗೆಯ ತಂತ್ರಗಳ ಬಗ್ಗೆ 2023ರಲ್ಲಿ ಅದು ಹಾಗೆ ಮಾಡಿದೆ. ಟೈಮ್‌ಶೇರ್ ಲೆಕ್ಕದ ಪುಟವನ್ನೂ ಅದೇ ದಾರಿಯಲ್ಲಿ ಕಡ್ಡಾಯ ಮಾಡಬಹುದು. ಅದೇ ಕಾಯ್ದೆ ಅನ್ಯಾಯದ ಒಪ್ಪಂದ ಯಾವುದೆಂದು ಹೇಳುವಾಗ ಆರು ಬಗೆಗಳನ್ನು ಹೆಸರಿಸುತ್ತದೆ. ಕಂಪನಿ ಒಂದೇ ಕಡೆಯಿಂದ ನಿಯಮ ತಿದ್ದುವುದು ಅವುಗಳಲ್ಲಿ ಬಿಡಿಯಾಗಿ ಇಲ್ಲ, ಆದರೆ ಗ್ರಾಹಕರಿಗೆ ಪ್ರತಿಕೂಲವಾದ ಅಸಮಂಜಸ ಷರತ್ತು ಎಂಬ ಆರನೆಯ ಬಗೆ ಅದನ್ನು ಒಳಗೊಳ್ಳುವಷ್ಟು ಅಗಲವಾಗಿದೆ. ಬಿಲ್ಡರುಗಳ ಏಕಪಕ್ಷೀಯ ಷರತ್ತುಗಳು ಅನುಚಿತ ವ್ಯಾಪಾರ ಪದ್ಧತಿಯೆಂದು ಸುಪ್ರೀಂ ಕೋರ್ಟು 2019ರ ಪಯೊನೀರ್ ಅರ್ಬನ್ ಪ್ರಕರಣದಲ್ಲಿ ಹೇಳಿದ್ದು ಇಲ್ಲಿಯೂ ಆಧಾರವಾಗುತ್ತದೆ. ದೂರು ಕೊಡಲು ಕಂಪನಿಯ ಊರಿಗೆ ಹೋಗಬೇಕಿಲ್ಲ, ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಕಡೆಯೇ ಸಲ್ಲಿಸಬಹುದು. ಅನ್ಯಾಯದ ಒಪ್ಪಂದ ಎಂದೇ ವಾದಿಸುವವರು ಮಾತ್ರ ಜಿಲ್ಲಾ ಆಯೋಗವನ್ನು ಬಿಟ್ಟು ರಾಜ್ಯ ಆಯೋಗಕ್ಕೆ ಹೋಗಬೇಕು. ಶೋಳಿಂಗನಲ್ಲೂರಿನವರಿಗೆ ಅದು ಚೆನ್ನೈನಲ್ಲೇ ಇದೆ. ಚಾಮರಾಜನಗರದವರು ಬೆಂಗಳೂರಿಗೆ ಬರಬೇಕು. ಆಯೋಗಗಳಿಗೆ ದಾಖಲೆ ತರಿಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಹಣ ವಾಪಸು ಕೊಡಿಸಿ ಎಂದಷ್ಟೇ ಬರೆದು ನಿಲ್ಲಿಸುವ ದೂರಿನಲ್ಲಿ ಇನ್ನೊಂದು ಪ್ರಾರ್ಥನೆಯನ್ನೂ ಸೇರಿಸಬಹುದು: ಒಪ್ಪಂದದ ದಿನದಿಂದ ಇಂದಿನವರೆಗೆ ವರ್ಷವಾರು ಮಾರಿದ ಪಾಯಿಂಟು, ಇದ್ದ ರೂಮು-ರಾತ್ರಿ ಮತ್ತು ಬದಲಾದ ಪಟ್ಟಿಗಳನ್ನು ಎದುರುದಾರರು ಆಯೋಗದ ಮುಂದೆ ಹಾಜರುಪಡಿಸಬೇಕು ಎಂದು.